ಕಿಡಿಯ ಕರಕರ

ಮದ್ರಾಸಿನ ಎಗ್ಮೋರಿನಲ್ಲಿ, ಹಾಲೋವೇಸ್ ಗಾರ್ಡನ್‌ನಿಂದ, 1924ರ ಜುಲೈ 31ರಂದು ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಪ್ರಸಾರ ಶುರುಮಾಡಿತು. ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಹಟದಿಂದ ಎದ್ದು ನಿಂತ ಆ ಟ್ರಾನ್ಸ್‌ಮಿಟರಿನ ಶಕ್ತಿ ಬರೀ 40 ವಾಟ್, ಹಳೆಯ ಬುರುಡೆ ಬಲ್ಬೊಂದರಷ್ಟು. ದುಡ್ಡಿನ ಮುಗ್ಗಟ್ಟಿನಿಂದ 1927ರಲ್ಲಿ ಕ್ಲಬ್ ನಿಂತಿತು. 1930ರಲ್ಲಿ ನಗರಸಭೆ ಪ್ರಸಾರಕ್ಕೆ ಮತ್ತೆ ಜೀವ ಕೊಟ್ಟಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ನಡೆಸಿದರು.

ಇಂಥ ಬಡಪಾಯಿ ದನಿಗಳ ಶತ್ರು ಕರಕರ ಸದ್ದು.

ಅದರ ಮೂಲ ವಿದ್ಯುತ್ ಕಿಡಿ. ಮಾರ್ಕೋನಿಯ ಮೊದಲ ಟ್ರಾನ್ಸ್‌ಮಿಟರುಗಳು ಸಂದೇಶ ಕಳಿಸಿದ್ದೂ ಕಿಡಿಯಿಂದಲೇ ಎಂಬುದು ಸೋಜಿಗ. ರೇಡಿಯೊ ವಿಮಾನ ಹತ್ತಿದಾಗ ಈ ಶತ್ರು ಮಗ್ಗುಲಲ್ಲೇ ಕೂತಿತು. ನಾಲ್ಕು ಸಿಲಿಂಡರಿನ ಪುಟ್ಟ ವಿಮಾನದಲ್ಲಿ ಸಾಮಾನ್ಯವಾಗಿ ಕಿಡಿಗೆ ವಿದ್ಯುತ್ ಹುಟ್ಟಿಸುವ ಎರಡು ಮ್ಯಾಗ್ನೆಟೊ, ಎಂಟು ಸ್ಪಾರ್ಕ್ ಪ್ಲಗ್. ಪ್ರತಿ ಕಿಡಿಯೂ ಒಂದು ಕಿರು ಪ್ರಸಾರ ಕೇಂದ್ರ. ಹಾಗಾಗಿಯೇ ಪ್ಲಗ್ ವೈರುಗಳಿಗೆ ಲೋಹದ ಹೆಣಿಗೆಯ ಕವಚ ಬಂತು.

ಕಳ್ಳನನ್ನು ಹಿಡಿಯುವ ಪಾಠ ಇಂದಿಗೂ ಕಿವಿಯದೇ. ಒಂದು ಮ್ಯಾಗ್ನೆಟೊದಿಂದ ಇನ್ನೊಂದಕ್ಕೆ ಸ್ವಿಚ್ ತಿರುಗಿಸಿದಾಗ ಟಿಕ್‌ಟಿಕ್ ಮಾಯವಾದರೆ ದೋಷ ಇಗ್ನಿಷನ್ನಿನಲ್ಲಿ. ಎಂಜಿನ್ ವೇಗದ ಜೊತೆ ಏರುವ ಕೀರಲು ದನಿ ಆಲ್ಟರ್ನೇಟರಿನದು. ಆಲ್ಟರ್ನೇಟರನ್ನು ಆಫ್ ಮಾಡಿ ಕೇಳಿದರೆ ತಿಳಿಯುತ್ತದೆ. ಇಂಟರ್‌ಕಾಮಿನ ಗುಂಯ್‌ಗೆ ಹಲವು ಸಲ ಅರ್ಥಿಂಗೇ ಕಾರಣ: ಹೆಡ್‌ಸೆಟ್ ಜಾಕ್ ವಿಮಾನದ ಲೋಹಕ್ಕೆ ತಾಗಿದ್ದರೆ ಕರೆಂಟಿಗೆ ಎರಡನೆಯ ದಾರಿ ಸಿಗುತ್ತದೆ. ಆಗ ಜಾಕ್ ಬಿಚ್ಚಿ, ಸವೆದ ಫೈಬರ್ ವಾಷರ್ ತೆಗೆದು, ಹೊಸದನ್ನು ಕೂರಿಸುತ್ತಾರೆ.