ಮಂಗ ಸತ್ತ ಸುದ್ದಿ ಯಾರಿಗೆ ಮುಟ್ಟಿತು?

1957ರ ಬೇಸಿಗೆಗೆ ಮುಂಚೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಊರುಗಳ ಜನ ಜ್ವರದಿಂದ ಮಲಗಿದರು. ಮಂಗ ಸತ್ತರೆ ಮನುಷ್ಯರಿಗೂ ಅಪಾಯ ಎಂಬುದನ್ನು ಕಾಡಂಚಿನವರು ಆಗಲೇ ಕಂಡುಕೊಂಡರು. ಮಂಗನ ಕಾಯಿಲೆ ಎಂಬ ಹೆಸರು ಹುಟ್ಟಿದ್ದೂ ಹಾಗೆಯೇ.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದರು. ಅಷ್ಟು ಬೇಗ ಬರಲು ಒಂದು ಕಾರಣವಿತ್ತು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಭಯ. ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯದೇ ವೈರಸ್. ಉಣುಗಿನಿಂದ ಹರಡುವ ಅದು ರಷ್ಯಾದ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು.

ಆಗ ಪ್ರಶ್ನೆಯೇ ಬದಲಾಯಿತು. ಸೈಬೀರಿಯಾದ ಕಡೆಯಿಂದ ವಲಸೆ ಹಕ್ಕಿಗಳು ಇದನ್ನು ತಂದವೇ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಮುಂದೆ ಅಮೆರಿಕದ ಸೇನೆಯ ಹಣವೂ ಈ ಕೆಲಸಕ್ಕೆ ಬಂತು. 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ಸಹಯೋಗಗಳನ್ನೆಲ್ಲ ಪ್ರಶ್ನಿಸಿತು. ಹಕ್ಕಿಗಳೇ ರೋಗ ತಂದವು ಎಂಬುದು ಮಾತ್ರ ಸಾಬೀತಾಗಲಿಲ್ಲ.

ನಮಗೆ ಹೆಚ್ಚು ಬೇಕಾದ ಉತ್ತರ ಸಿಕ್ಕಿದ್ದು ಸಾಗರದ ಸುತ್ತಲಿನ ಕಾಡಿನಲ್ಲೇ. ಅಲ್ಲಿ ಕೆಲಸ ಮಾಡಿದ ಹೋರ್ಹೆ ಬೋಶೆಲ್ 1969ರಲ್ಲಿ ಇದನ್ನು ಬರೆದರು. ಗದ್ದೆಗಾಗಿ ಕಾಡು ಕಡಿದಲ್ಲಿ ದನ ಮೇಯುತ್ತವೆ. ದನದ ರಕ್ತ ಕುಡಿದು ಉಣುಗು ಹೆಚ್ಚುತ್ತದೆ. ಎಳೆಯ ಉಣುಗುಗಳು ಮಂಗನಿಗೂ ಮನುಷ್ಯನಿಗೂ ಕಚ್ಚುತ್ತವೆ. ಅಂದರೆ ಮಂಗ ಇಲ್ಲಿ ಅಪರಾಧಿಯಲ್ಲ, ನಮ್ಮ ಹಾಗೆ ರೋಗಿ. ರೋಗದ ಬೇರು ನಾವು ಕಾಡನ್ನು ಬಳಸುವ ರೀತಿಯಲ್ಲಿತ್ತು. ಆದರೆ ಅರಣ್ಯ, ಪಶುಪಾಲನೆ, ಆರೋಗ್ಯ ಮೂರೂ ಬೇರೆ ಬೇರೆ ಇಲಾಖೆಗಳು.

ಉಳಿದದ್ದು ಲಸಿಕೆ. ರಷ್ಯಾದ ಜ್ವರಕ್ಕೆ ಮಾಡಿದ್ದ ಲಸಿಕೆಯನ್ನು ಮೊದಲು ಇಲ್ಲಿ ಕೊಟ್ಟು ನೋಡಿದರು, ಫಲಿಸಲಿಲ್ಲ. ಕೋಳಿ ಭ್ರೂಣದ ಜೀವಕೋಶದಲ್ಲಿ ತಯಾರಿಸಿದ ನಮ್ಮದೇ ಲಸಿಕೆ ವ್ಯಾಪಕವಾಗಿ ಬಂದದ್ದು 1990ರಲ್ಲಿ, ರೋಗ ಗೊತ್ತಾಗಿ 33 ವರ್ಷಕ್ಕೆ. ಮೊದಲ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 90ಕ್ಕೂ ಹೆಚ್ಚು ರಕ್ಷಣೆ ಕಂಡಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಶೇ. 62ಕ್ಕೆ ಇಳಿದಿತ್ತು. ಚುಚ್ಚಿದ ಜಾಗ ನೋಯುತ್ತಿತ್ತು, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು, ಜನ ಹಿಂಜರಿದರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಎದ್ದು ಹಲವರು ತೀರಿಕೊಂಡರು. ಲಸಿಕೆ ಹಾಕುವ ಓಡಾಟ ಬಿರುಸಾದದ್ದು ಸಾವಿನ ನಂತರ. 2022ರಲ್ಲಿ ಹಳೆಯ ಲಸಿಕೆಯೂ ನಿಂತಿತು. 2024ರ ಆರಂಭದಲ್ಲಿ ರೋಗ ಮರಳಿದಾಗ ಕೊಡಲು ಇದ್ದದ್ದು ಮೈಗೆ ಹಚ್ಚುವ ಎಣ್ಣೆ ಮತ್ತು ಕಾಡಿಗೆ ಹೋಗಬೇಡಿ ಎಂಬ ಸಲಹೆ.

ಆ ಸಲಹೆ ಯಾರಿಗೆ? ತೋಟವಿರುವವರಿಗೆ ಸೊಪ್ಪಿನಬೆಟ್ಟ ಬೇಕು. ಸೊಪ್ಪು, ತರಗೆಲೆ, ಸೌದೆ ತರಲು ಹೋಗುವವರು ಹೆಚ್ಚಾಗಿ ಕೂಲಿಯವರು. ಉಣುಗು ಹೆಚ್ಚುವ ತಿಂಗಳುಗಳೇ ತರಗೆಲೆ ಗುಡಿಸುವ ತಿಂಗಳುಗಳು. ಕಾಡಿಗೆ ಹೋಗದಿದ್ದರೆ ಅವರಿಗೆ ಆ ದಿನದ ಕೂಲಿ ಇಲ್ಲ.

ಐಸಿಎಂಆರ್ ಈಗ ಹೊಸ ಲಸಿಕೆಯ ಕೆಲಸ ನಡೆಸಿದೆ. ಬರಲಿ, ಬೇಕು. ಆದರೆ ಇಕ್ಕೇರಿ ಸೀಮೆಯ ಈ ಚರಿತ್ರೆ ಕಲಿಸುವುದು ಬೇರೆ. ಮಂಗ ಸತ್ತ ಸುದ್ದಿಯನ್ನು ಊರಿನವರು ಪ್ರತಿ ಸಲವೂ ಮೊದಲು ಕೊಟ್ಟಿದ್ದಾರೆ. ಹಳದಿ ಜ್ವರದ ಭಯವಿದ್ದಾಗ ಆ ಸುದ್ದಿ ಪುಣೆಯವರೆಗೂ ಮುಟ್ಟಿತು. ಭಯ ನಮ್ಮದು ಮಾತ್ರವಾದಾಗ ಅದು ತಾಲ್ಲೂಕು ದಾಟುವುದಕ್ಕೇ ತಡವಾಯಿತು.