ಕೇಂದ್ರ ಸಂಸ್ಕರಣಾ ಘಟಕ

ಗಣಕಯಂತ್ರದ ಸ್ಮೃತಿಕೋಶದಲ್ಲಿರುವ ಆದೇಶಗಳನ್ನು ಒಂದೊಂದಾಗಿ ತರಿಸಿಕೊಂಡು, ಅವುಗಳ ಸಂಕೇತವನ್ನು ಬಿಡಿಸಿ, ಅದರಂತೆ ಕಾರ್ಯ ನಡೆಸುವ ಭಾಗವೇ ಕೇಂದ್ರ ಸಂಸ್ಕರಣಾ ಘಟಕ. ಬಳಕೆಯಲ್ಲಿ ಇದಕ್ಕೆ ಸಿಪಿಯು ಅಥವಾ ಪ್ರೊಸೆಸರ್ ಎಂಬ ಹೆಸರುಗಳಿವೆ. ಎರಡು ಸಂಖ್ಯೆಗಳನ್ನು ಕೂಡಿಸಬೇಕಾದಾಗ, ಮುಂದಿನ ಆದೇಶ ಎಲ್ಲಿದೆ ಎಂಬುದನ್ನು ಸೂಚಿಸುವ ಪ್ರೋಗ್ರಾಂ ಕೌಂಟರನ್ನು ಅನುಸರಿಸಿ ನಿಯಂತ್ರಣ ವಿಭಾಗವು ಆದೇಶವನ್ನು ತರಿಸುತ್ತದೆ. ಸಂಖ್ಯೆಗಳು ಘಟಕದೊಳಗಿನ ಅತಿವೇಗದ ಪುಟ್ಟ ಸಂಗ್ರಹಗಳಾದ ರಿಜಿಸ್ಟರುಗಳಿಗೆ ಬಂದ ಮೇಲೆ ಗಣಿತ-ತರ್ಕ ವಿಭಾಗವು ಅವನ್ನು ಕೂಡಿಸಿ, ಮೊತ್ತವನ್ನು ಮತ್ತೆ ರಿಜಿಸ್ಟರಿನಲ್ಲಿ ಇರಿಸುತ್ತದೆ.

ಆದೇಶಗಳನ್ನೂ ದತ್ತಾಂಶವನ್ನೂ ಒಂದೇ ಸ್ಮೃತಿಕೋಶದಲ್ಲಿ ಇರಿಸುವ ಈ ವಿನ್ಯಾಸವನ್ನು ಜಾನ್ ಫಾನ್ ನಾಯ್ಮನ್ 1945ರ ವರದಿಯೊಂದರಲ್ಲಿ ವಿವರಿಸಿದರು. ಹಲವು ಫಲಕಗಳಲ್ಲಿ ಹರಡಿಕೊಂಡಿದ್ದ ಘಟಕವು 1971ರಲ್ಲಿ ಇಂಟೆಲ್ ಸಂಸ್ಥೆಯ 4004ರ ಮೂಲಕ ಸುಮಾರು 2,300 ಟ್ರಾನ್ಸಿಸ್ಟರುಗಳ ಒಂದೇ ಚಿಪ್‌ನಲ್ಲಿ ಅಡಕವಾಯಿತು. 1978ರಲ್ಲಿ ಅದೇ ಸಂಸ್ಥೆಯ 16 ಬಿಟ್‌ಗಳ 8086 ಹೊರಬಂದಿತು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 1986ರಲ್ಲಿ ಇಂಥ 8086 ಪ್ರೊಸೆಸರುಗಳನ್ನೇ ಒಟ್ಟಿಗೆ ಜೋಡಿಸಿ, ದ್ರವ ಮತ್ತು ಅನಿಲಗಳ ಹರಿವಿನ ಲೆಕ್ಕಾಚಾರವನ್ನು ಅವುಗಳಿಗೆ ಹಂಚಿ ಏಕಕಾಲದಲ್ಲಿ ಬಿಡಿಸುವ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ನಿರ್ಮಿಸಿತು. ಸಿದ್ಧ ಪ್ರೊಸೆಸರುಗಳನ್ನು ಕೊಂಡು ಬಳಸುವ ಈ ಘಟ್ಟವನ್ನು ದಾಟಿ ವಿನ್ಯಾಸದ ಕೆಲಸವೂ ಕ್ರಮೇಣ ನಗರಕ್ಕೆ ಬಂದು, ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳನ್ನೂ ಸ್ವತಂತ್ರವಾಗಿ ಆದೇಶ ನಡೆಸಬಲ್ಲ ಆರು ‘ಕೋರ್’ಗಳನ್ನೂ ಹೊಂದಿದ್ದ ಝಿಯಾನ್ 7400 ಶ್ರೇಣಿಯ ಪ್ರೊಸೆಸರನ್ನು ಇಂಟೆಲ್‌ನ ಬೆಂಗಳೂರು ಕೇಂದ್ರ ರೂಪಿಸಿತು, ಅದು 2008ರಲ್ಲಿ ಮಾರುಕಟ್ಟೆಗೆ ಬಂದಿತು.

ಲೆಕ್ಕಾಚಾರವಲ್ಲದೆ ಯಂತ್ರಗಳ ನಿಯಂತ್ರಣವನ್ನೂ ಪ್ರೊಸೆಸರುಗಳಿಗೆ ವಹಿಸಲಾಗುತ್ತದೆ; ಆ ಹೊಣೆಗಾರಿಕೆ ಸ್ಪಷ್ಟವಾಗಿ ಕಾಣುವ ಒಂದು ಜಾಗ ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಕೇಂದ್ರ. ಕಾಳಿ ನದಿಯ ದಡದ ಈ ಕೇಂದ್ರದ ಮೊದಲ ಎರಡು ಸ್ಥಾವರಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅಲ್ಲಿನ ರಿಯಾಕ್ಟರ್ ನಿಯಂತ್ರಣ ವ್ಯವಸ್ಥೆಗೆ ಜೋಡಿ ಪ್ರೊಸೆಸರುಗಳ ವಿನ್ಯಾಸವನ್ನು ಅಳವಡಿಸಲಾಯಿತು: ರಿಯಾಕ್ಟರಿನ ಶಕ್ತಿಯ ಅಳತೆಯನ್ನು ನಿಗದಿತ ಮಟ್ಟದೊಡನೆ ಹೋಲಿಸಿ ಹೆಚ್ಚುಕಡಿಮೆಯನ್ನು ಸರಿಪಡಿಸುವ ಆದೇಶವನ್ನು ಒಂದು ಹೊರಡಿಸುತ್ತಿದ್ದರೆ, ಇನ್ನೊಂದು ಸನ್ನದ್ಧವಾಗಿದ್ದು, ಮೊದಲನೆಯದು ಕೆಟ್ಟರೆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಇಂಥ ಕಡೆ ಪ್ರೊಸೆಸರಿನ ವೇಗಕ್ಕಿಂತ ಅದರ ವಿಶ್ವಾಸಾರ್ಹತೆಯೇ ಮುಖ್ಯ.