ಹಿನ್ನೀರಿನ ಅಂಚಿನ ಹಟ್ಟಿಗಳು

ಮಾರಿಕಣಿವೆ ಕಟ್ಟೆ ಕೋಡಿ ಬಿತ್ತೆಂದರೆ ಹಿರಿಯೂರಿನಲ್ಲಿ ಹಬ್ಬ. ಮೇಲ್ಗಡೆ, ಹೊಸದುರ್ಗ ಸೀಮೆಯ ಹಿನ್ನೀರಿನ ಅಂಚಿನಲ್ಲಿ ಮಾತ್ರ ಆ ದಿನಗಳಲ್ಲಿ ಯಾರ ಕಣ್ಣಿಗೂ ನಿದ್ದೆ ಹತ್ತುವುದಿಲ್ಲ. ಕಟ್ಟೆಯ ಕೆಳಗಿನವರ ಕತೆಯನ್ನು ಬರೆದವರು ಬಹಳ ಮಂದಿ. ನಾನು ಹುಟ್ಟಿ ಬೆಳೆದದ್ದು ಮೇಲಿನ ಹಟ್ಟಿಯಲ್ಲಿ. ಅಲ್ಲಿಯವರದೂ ಒಂದು ಚರಿತ್ರೆ ಇದೆ.

ವೇದಾವತಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತಿದ್ದ ಜಾಗ ಮಾರಿಕಣಿವೆ. ದಿವಾನ್ ಶೇಷಾದ್ರಿ ಅಯ್ಯರ್ ಇದ್ದಾಗ, 1898ರಲ್ಲಿ, ಅಲ್ಲಿ ಕಟ್ಟೆ ಕೆಲಸ ಹಿಡಿದರು, ಮುಗಿದದ್ದು 1907ರಲ್ಲಿ. ಕೆಲಸ ಹಿಡಿದಾಗ ರಾಜ್ಯ ನಡೆಸುತ್ತಿದ್ದ ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲೇ ಅದು ವಾಣಿವಿಲಾಸ ಸಾಗರವಾಯಿತು. ಉದ್ದ 1330 ಅಡಿ, ತುಂಬಿದರೆ 30 ಟಿಎಂಸಿ ನೀರು. ಕೋಡಿಗೆ ಗೇಟಿಲ್ಲ. 130 ಅಡಿ ದಾಟಿದ ನೀರು ತಾನಾಗಿ ಹರಿದುಹೋಗಬೇಕು. ಹರಿದುಹೋಗುವುದಕ್ಕಿಂತ ಬರುವುದು ಹೆಚ್ಚಾದರೆ ಹಿನ್ನೀರು ಇನ್ನೂ ಮೇಲಕ್ಕೇರುತ್ತದೆ. ನಮ್ಮ ಕಷ್ಟವೆಲ್ಲ ಇರುವುದು ಆ ಮೇಲಿನ ನಾಲ್ಕೈದು ಅಡಿಯಲ್ಲಿ.

ನಮ್ಮಜ್ಜಿಯ ತವರಿನವರು ಕಟ್ಟೆ ಕಟ್ಟಿದಾಗ ಎದ್ದುಬಂದವರು. ದೇವರ ಪೆಟ್ಟಿಗೆ ಹೊತ್ತರು, ಕುರಿ ಹೊಡೆದುಕೊಂಡು ಬಂದರು, ನೆಲದಲ್ಲಿ ಹೂತ ಒರಳುಗಳನ್ನು ಅಲ್ಲೇ ಬಿಟ್ಟರು. ಬರಗಾಲದಲ್ಲಿ ನೀರು ಇಳಿದಾಗ ಹಳೆಯೂರಿನ ಬಾವಿಕಟ್ಟೆ, ಗುಡಿಯ ತಳಪಾಯದ ಕಲ್ಲುಗಳು ಕಾಣುತ್ತಿದ್ದವು. ಕೆಸರು ಒಣಗಿ ಬಿರುಕು ಬಿಟ್ಟ ನೆಲದಲ್ಲಿ ಅಜ್ಜಿ ನನ್ನ ಕೈ ಹಿಡಿದು ನಡೆಸಿ, 'ಇದು ನಮ್ಮ ಹಿತ್ತಲು' ಎಂದು ತೋರಿಸುತ್ತಿದ್ದಳು. ಒರಳೊಂದರ ಕುಳಿಯಲ್ಲಿ ಹೂಳು ತುಂಬಿ ಹುಲ್ಲು ಬೆಳೆದಿತ್ತು.

1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ 89 ವರ್ಷ ನೀರು ಆ ಮಟ್ಟ ಮುಟ್ಟಲೇ ಇಲ್ಲ. ಮೂರು ತಲೆಮಾರು ಬಂದುಹೋಯಿತು. ನೀರು ಹಿಂದೆ ಸರಿದ ಹಾಗೆಲ್ಲ ನಮ್ಮವರು ಅದರ ಬೆನ್ನಿಗೇ ಕಡಲೆ, ಜೋಳ ಬಿತ್ತಿದರು. ಗುಡಿಸಲು ಹೋಗಿ ಹೆಂಚಿನ ಮನೆ ಬಂತು, ತೆಂಗು, ಅಡಿಕೆ ಬಂದವು. ವಿದ್ಯುತ್ ಕಂಬ ನೆಟ್ಟರು, ಅಂಗನವಾಡಿ ಕಟ್ಟಿದರು, ಮತದಾರರ ಪಟ್ಟಿಗೆ ಹೆಸರು ಸೇರಿಸಿದರು, ಮನೆ ಕಂದಾಯ ಕಟ್ಟಿಸಿಕೊಂಡರು. ಇಷ್ಟನ್ನೂ ಮಾಡಿದ ಸರ್ಕಾರ ಈಗ ಅದೇ ಜನರನ್ನು ಒತ್ತುವರಿದಾರರು ಎಂದರೆ ನಾನು ಒಪ್ಪುವುದಿಲ್ಲ.

2022ರ ಸೆಪ್ಟೆಂಬರ್ 2ರಂದು ನೀರು ಮತ್ತೆ 130 ಅಡಿ ಮುಟ್ಟಿತು, ಅಲ್ಲಿಗೂ ನಿಲ್ಲಲಿಲ್ಲ. ಹಿನ್ನೀರು ಹೊಳೆಯಂತೆ ನುಗ್ಗಿ ಬರುವುದಿಲ್ಲ. ಮೊದಲು ಕುರಿ ರೊಪ್ಪದ ನೆಲ ಒದ್ದೆಯಾಯಿತು. ಮಾರನೆಯ ದಿನ ಒಲೆಯ ಗುಂಡಿಯಲ್ಲಿ ನೀರು ಒಸರಿತು. ಬಣವೆಯ ಬುಡ ನೆನೆದು ಹುಲ್ಲು ಕೊಳೆತ ವಾಸನೆ ಹಟ್ಟಿಯನ್ನೆಲ್ಲ ತುಂಬಿತು. ನೀರು ಕಟ್ಟಿ ನಿಂತ ತೋಟದಲ್ಲಿ ಅಡಿಕೆ ಸಸಿಗಳ ಸುಳಿ ಹಳದಿಯಾಯಿತು.

ಹಟ್ಟಿ ಖಾಲಿ ಮಾಡಿ, ಬೇರೆ ಕಡೆ ಸೈಟು ಕೊಡುತ್ತೇವೆ ಎಂಬ ಮಾತು ಆಗ ಬಂತು. ನಮ್ಮವರು ಒಪ್ಪಲಿಲ್ಲ. ನಮ್ಮ ದೊಡ್ಡಮ್ಮ ಬಂದವರನ್ನು ಕೇಳಿದ್ದು ಇಷ್ಟೇ: 'ಮೂವತ್ತು ನಲವತ್ತು ಸೈಟಿನಾಗೆ ನಾನು ಮಲಗ್ತೀನಿ ಸ್ವಾಮಿ, ನನ್ನ ಕುರೀನ ಎಲ್ಲಿ ಕೂಡ್ಲಿ?' ಯಾರೂ ಉತ್ತರ ಕೊಡಲಿಲ್ಲ. ಶ್ರೀನಗರದ ದಾಲ್ ಸರೋವರದವರನ್ನು ರಾಖ್-ಎ-ಅರ್ಥ್ ಬಡಾವಣೆಗೆ ಸಾಗಿಸಲು ಹೊರಟಾಗಲೂ ಇದೇ ತೊಡಕು. ಅವರ ತೇಲುವ ತೋಟ, ದೋಣಿ, ದುಡಿಮೆ ಎಲ್ಲವೂ ಸರೋವರದಲ್ಲೇ ಇತ್ತು. ಕೊಟ್ಟ ನಿವೇಶನ ದೂರದಲ್ಲಿತ್ತು.

ಕೋಡಿ ತಗ್ಗಿಸಿ ಎಂಬ ಕೂಗು ಹೊಸದುರ್ಗದ ಕಡೆ ಎದ್ದಿತು. ಹಿರಿಯೂರಿನ ರೈತರು ಬೀದಿಗಿಳಿದು ವಿರೋಧಿಸಿದರು. ನಾನು ನಮ್ಮ ಕಡೆಯವನಾದರೂ ಕೋಡಿ ಮುಟ್ಟಬಾರದು ಎನ್ನುವವನು. ಬರದಲ್ಲಿ ಹಿರಿಯೂರಿನ ತೆಂಗಿನ ತೋಟಗಳು ಸುಳಿ ಒಣಗಿ ಸಾಲುಸಾಲಾಗಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಗಳು ಕುಡಿಯುವುದೂ ಇದೇ ನೀರನ್ನು. ಅವರ ನೀರು ಅವರಿಗೆ ಇರಲಿ. ಅದಕ್ಕೆ ನಮ್ಮ ಮನೆಗಳೇ ಬೆಲೆ ತೆರಬೇಕೆಂದರೆ ಆ ಬೆಲೆಯನ್ನು ಲೆಕ್ಕ ಹಾಕಿ ಕೊಡಬೇಕು.

ಇದು ಒಂದು ಮಳೆಗಾಲದ ಮಾತಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರು 2019ರಿಂದ ಈ ಕಟ್ಟೆಗೆ ಬರುತ್ತಿದೆ. 2025ರ ಜನವರಿಯಲ್ಲಿ, ಮಳೆಯಿಲ್ಲದ ಕಾಲದಲ್ಲಿ, ಮತ್ತೆ ಕೋಡಿ ಬಿತ್ತು. ಇನ್ನು ಮುಂದೆ 89 ವರ್ಷ ಕಾಯಬೇಕಾಗಿಲ್ಲ. ಕಾನೂನಿನ ಆಸರೆಯೂ ನಮಗಿಲ್ಲ. ತಾಂಡಾ, ಗೊಲ್ಲರಹಟ್ಟಿ, ಕುರುಬರಹಟ್ಟಿಗಳಿಗೆ ಹಕ್ಕುಪತ್ರ ಕೊಡುವ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 2017ರಲ್ಲಿ ಬಂತು ನಿಜ. ಆದರೆ ಅದು ಖಾಸಗಿ ಜಮೀನಿನ ಮೇಲಿನ ವಸತಿಗೆ. ಮುಳುಗಡೆ ಜಮೀನು ಎಂದು ಬರೆದಿರುವ ಕಡೆ ಅದು ಕೈಗೆ ಬರುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ಇದು. ಮುಂದಿನ ಮುಂಗಾರಿಗೆ ಮೊದಲು ಹಿನ್ನೀರು ಏರಿದ ಗೆರೆಯುದ್ದಕ್ಕೂ ಅಳತೆ ಮಾಡಿ ಕಲ್ಲು ನೆಡಿ. ಅದರೊಳಗೆ ಸಿಕ್ಕ ಮನೆ, ಮರ, ಸಾಗುವಳಿಗೆ ಬೆಲೆ ಕಟ್ಟಿ. ಅದೇ ಪಂಚಾಯಿತಿಯೊಳಗೆ, ರೊಪ್ಪಕ್ಕೂ ಬಣವೆಗೂ ಜಾಗವಿರುವ ನಿವೇಶನ ಕೊಡಿ, ಹಕ್ಕುಪತ್ರವನ್ನು ಹೆಂಗಸರ ಹೆಸರಿಗೂ ಬರೆಯಿರಿ. ಅಲ್ಲಿಯವರೆಗೆ ಯಾವ ಹಟ್ಟಿಯನ್ನೂ ಎಬ್ಬಿಸಬೇಡಿ.